ಎಕ್ಸೆಲ್ ಅಳಿಸಿದ ಮೂವತ್ತೇಳು ನೆಂಟರು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ತಿಪಟೂರಿನ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಬೇಕಾದವರ ಹೆಸರನ್ನು ನನ್ನ ಗಂಡ ಗಂಗಾಧರ್ ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಗೀಚಿಕೊಳ್ಳುತ್ತಿದ್ದರು. ಮೈದುನನ ಮದುವೆಗೆ ಒಂದೇ ಮನೆಗೆ ಮೂರು ಸಲ ಕಾರ್ಡು ಕೊಟ್ಟು, ಮೂರು ಸಲವೂ ಉಪ್ಪಿಟ್ಟು ತಿಂದು ಬಂದ ಮಹಾಪುರುಷರು ಅವರು. ಈ ಸಲ ಪಟ್ಟಿಯ ರಾಜ್ಯಭಾರವನ್ನು ನಾನೇ ವಹಿಸಿಕೊಂಡೆ.

ನಾಲ್ಕು ದಿನ ಕೂತು ಎಕ್ಸೆಲ್‌ನಲ್ಲಿ ಹೆಸರು, ಊರು ಎಂದು ನಾನೂರ ಹನ್ನೆರಡು ಸಾಲು ತುಂಬಿ, ಡೂಪ್ಲಿಕೇಟ್ ತೆಗೆಯುವ ಬಟನ್ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಮೂವತ್ತೇಳು ಹೆಸರು ಮಾಯ! (ಎಷ್ಟು ಎಲೆ ಊಟ ಉಳಿಯಿತು, ನೀವೇ ಹೇಳಿ.)

"ಅಲ್ಲ ಕಣೇ, ಹೆಸ್ರು ಒಂದೇ ಆದ್ರೆ ಮನುಷ್ಯರೂ ಒಬ್ರೇನಾ? ಒಂದ್ಸಾರಿ ಕಣ್ಣಾಡ್ಸು" ಅಂದರು ಗಂಡ.

"ಕಂಪ್ಯೂಟರ್‌ಗಿಂತ ನಿಮ್ಗೆ ಜಾಸ್ತಿ ಗೊತ್ತೇನ್ರೀ? ಈ ಲಿಸ್ಟ್ ಬಿಟ್ಟು ಒಂದ್ ಮನೆ ಹೊಸ್ಲೂ ತುಳೀಬೇಡಿ!"

ಪುಣ್ಯಾತ್ಮರು ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು.

ಗೃಹಪ್ರವೇಶದ ಹಿಂದಿನ ದಿನ ಗಂಡನ ಕಡೆಯವರು ಮನೆ ತುಂಬಿದ್ದರು. ನನ್ನ ತವರಿನವರ ಒಂದು ಚಪ್ಪಲಿಯೂ ಬಾಗಿಲಲ್ಲಿಲ್ಲ. ತವರಿನ ಸೀರೆ ಉಡದೆ ಪೂಜೆಗೆ ಕೂತರೆ ಓರಗಿತ್ತಿಯರು ಸುಮ್ಮನಿರುತ್ತಾರೆಯೇ? ಶೆಟ್ಟಿಕೆರೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ.

"ಕರೀದಿರೋ ಮನೆಗೆ ಹೆಂಗವ್ವಾ ಬರ್ಲಿ? ಫೋನಲ್ಲಿ ಹೇಳಿದ್ರೆ ಕರ್ದಂಗಾಯ್ತಾ? ಅಳಿಯಂದ್ರು ಕಾರ್ಡ್ ಹಿಡ್ಕಂಡು ನಮ್ ಮನೆ ಮುಂದೇನೇ ಹೋದ್ರು, ತಿರುಗೂ ನೋಡ್ಲಿಲ್ಲ!"

ಗಂಡನ ಕಡೆ ತಿರುಗಿದೆ. "ಲಿಸ್ಟಲ್ಲಿ ಶೆಟ್ಟಿಕೆರೆ ಸಿದ್ದಮ್ಮ ಅಂತ ಒಬ್ರೇ ಇದ್ರು ಕಣೇ. ನಮ್ ಸೋದರತ್ತೇನ ಕರ್ದೆ. ನಿಮ್ಮಮ್ಮ ಡೂಪ್ಲಿಕೇಟು" ಅಂದರು ಶಾಂತವಾಗಿ.

ಎರಡೂ ಕಡೆಯ ಬೇರು ಶೆಟ್ಟಿಕೆರೆಯಲ್ಲೇ. ತಾತ, ಅಜ್ಜಿಯ ಹೆಸರನ್ನೇ ಮೊಮ್ಮಕ್ಕಳಿಗೆಲ್ಲ ಇಟ್ಟುಕೊಂಡು ಬಂದ ಜನ ನಾವು. ಗಂಡನ ಕಡೆಯವರನ್ನು ಮೊದಲು ಬರೆಯಬೇಕೆಂಬ ನನ್ನ ಸಂಸ್ಕಾರವೇ ನನಗೆ ಮುಳುವಾಯಿತು. ಎಕ್ಸೆಲ್ ಮೊದಲು ಬಂದವರನ್ನು ಉಳಿಸಿ, ಆಮೇಲೆ ಬಂದವರನ್ನು ಅಳಿಸುತ್ತದಂತೆ. ಅಮ್ಮ, ಚಿಕ್ಕಪ್ಪ ಹುಚ್ಚಣ್ಣ, ಗಂಗಕ್ಕ... ಮೂವತ್ತೇಳೂ ನನ್ನ ತವರಿನವರೇ!

ಆದರೂ ಕ್ಷಮೆ ಕೇಳುವ ಜಾಯಮಾನ ನನ್ನದಲ್ಲ. ಕುಂಕುಮದ ಬಟ್ಟಲು ಹಿಡಿದು ಬಸ್ ಹತ್ತಿ ಹೋಗಿ, ತವರಿನ ಬಾಗಿಲು ಬಡಿದೆ.

"ಅಮ್ಮಾ, ನಾನು ಸುನಂದಾ. ತಪ್ಪು ಕಂಪ್ಯೂಟರ್‌ದು. ಬೇಗ ಸೀರೆ ತಗೊಂಡು ಹೊರಡು!"

ಅಳಿಯನಿಂದ ಆಗಲೇ ಫೋನಿನಲ್ಲಿ ಎಲ್ಲ ಕೇಳಿಕೊಂಡಿದ್ದ ಅಮ್ಮ ಅರ್ಧ ಬಾಗಿಲು ತೆರೆದು, ಕನ್ನಡಕ ಸರಿಮಾಡಿಕೊಂಡಳು.

"ನಮ್ ನೆಂಟ್ರಲ್ಲಿ ಸುನಂದಾ ಅನ್ನೋರು ಮೂರ್ ಜನ ಅವ್ರೆ ಕಣವ್ವಾ. ಮೊದ್ಲು ಬಂದೋಳ್ಗೆ ಸೀರೆ ಕೊಟ್ ಕಳಿಸ್ಬುಟ್ಟೆ."