ಸದ್ದಿಲ್ಲದ ಮಷೀನು

ಹುಲ್ಲು ಕತ್ತರಿಸುವ ಮೇಸ್ತ್ರಿಯ ಪೆಟ್ರೋಲ್ ಮಷೀನು ಕೆಮ್ಮಿದರೆ ನಾಲ್ಕನೇ ಮಹಡಿಯ ಕಿಟಕಿ ಗಾಜು ನಡುಗುತ್ತಿತ್ತು. ಅಷ್ಟೇ ಅದರ ತಪ್ಪು. ಹುಲ್ಲನ್ನು ಮದುವೆ ಗಂಡಿನ ಗಡ್ಡ ಬೋಳಿಸಿದಷ್ಟು ನುಣ್ಣಗೆ ಬೋಳಿಸುತ್ತಿತ್ತು. ಕಲ್ಲು ಸಿಕ್ಕರೆ ನಾಲ್ಕು ಮಾತು ಬೈದು ಮುಂದೆ ಹೋಗುತ್ತಿತ್ತು. ಒಂದು ಬಾಟಲಿ ಪೆಟ್ರೋಲು ಕುಡಿಸಿದರೆ ಸಂಜೆಯ ತನಕ ದುಡಿಯುತ್ತಿತ್ತು. ಆದರೆ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಿಗೆ ಮಧ್ಯಾಹ್ನ ಉಂಡ ಮೇಲೆ ನಿದ್ದೆ ಬೇಕು. ಲಿಫ್ಟಿನ ಪಕ್ಕ ನೋಟೀಸು ಬಿತ್ತು: ಇನ್ನು ಮೇಲೆ ತೋಟದೊಳಗೆ ಪೆಟ್ರೋಲ್ ಯಂತ್ರ ತರಕೂಡದು, ಬ್ಯಾಟರಿ ಯಂತ್ರ ಇದ್ದವರಿಗೇ ವರ್ಷದ ಗುತ್ತಿಗೆ.

ಮೇಸ್ತ್ರಿಯ ಮನೆಯ ಒಲೆ ಉರಿಯುತ್ತಿದ್ದುದೇ ಆ ಗುತ್ತಿಗೆಯಿಂದ. ಉಳಿದದ್ದೆಲ್ಲ ಅಲ್ಲೊಂದು ಅಂಗಳ, ಇಲ್ಲೊಂದು ಬೇಲಿ, ಒಗ್ಗರಣೆಗೆ ಸಾಲದಷ್ಟು. ಹಲ್ಲು ಕಡಿಯುತ್ತ ಮಷೀನಿನ ಅಂಗಡಿಗೆ ಹೋದ.

"ಇದು ಮಷೀನಿನ ಬೆಲೆ. ಬ್ಯಾಟರಿ ಬೇರೆ," ಎಂದ ಅಂಗಡಿಯವನು.

"ಬೇರೆನಾ?"

"ಬೇರೆ. ಚಾರ್ಜರ್ ಕೂಡ ಬೇರೆ."

"ಚಕ್ರನಾದ್ರೂ ಇದರ ಜೊತೆಗೇ ಬರುತ್ತೋ, ಅದಕ್ಕೂ ಬೇರೆ ಅಂಗಡಿಗೆ ಹೋಗ್ಬೇಕೋ?"

ಅಂಗಡಿಯವನು ನಕ್ಕ. ಎರಡು ಬ್ಯಾಟರಿ ಇದ್ದರೆ ಒಳ್ಳೆಯದು ಎಂದೂ ಹೇಳಿದ. ಎರಡನೆಯದರ ಬೆಲೆ ಕೇಳಿ ಮೇಸ್ತ್ರಿ ಮೇಜು ಹಿಡಿದುಕೊಂಡು ನಿಂತ. ಹಳೆಯ ಮಷೀನನ್ನು ಗುಜರಿ ಲೆಕ್ಕದಲ್ಲಿ ಕೊಟ್ಟು, ಮನೆಯಲ್ಲಿದ್ದ ಉಳಿತಾಯವನ್ನೆಲ್ಲ ಸುರಿದು, ಒಂದೇ ಬ್ಯಾಟರಿಯ ಹೊಸ ಮಷೀನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ.

ಗುತ್ತಿಗೆ ಕೊಡುವ ಮೊದಲು ಸಂಘ ಪರೀಕ್ಷೆಗೆ ಒಂದು ದಿನ ಗೊತ್ತು ಮಾಡಿತು. ಬೆಳಿಗ್ಗೆ ಶುರು ಮಾಡಿ, ಸಂಜೆ ಸಂಘದ ಸಭೆ ತೋಟದಲ್ಲಿ ಕೂರುವ ಹೊತ್ತಿಗೆ ಹುಲ್ಲೆಲ್ಲ ಕತ್ತರಿಸಿರಬೇಕು. ಆಗಿದ್ದರೆ ಗುತ್ತಿಗೆ ಅವನಿಗೆ. ಇಲ್ಲವಾದರೆ ಬೇರೆಯವರಿಗೆ.

ನೋಟೀಸು ಬಿದ್ದಾಗಿನಿಂದ ಯಾರೂ ಮುಟ್ಟದ ಹುಲ್ಲು ಮೊಣಕಾಲಿಗೆ ಬಂದಿತ್ತು. ಮೇಲಾಗಿ ಹಿಂದಿನ ದಿನ ಮಳೆ ಬಿದ್ದು ತೊಯ್ದಿತ್ತು. ಮೇಸ್ತ್ರಿ ಗುಂಡಿ ಒತ್ತಿದ. ಮಷೀನು ನೊಣದ ಹಾಗೆ ಗುಂಯ್ ಎಂದಿತು. ಹಸಿ ಹುಲ್ಲು ಬ್ಲೇಡಿಗೆ ಸುತ್ತಿಕೊಂಡಿತು. ಬಿಡಿಸಿದ. ಮತ್ತೆ ಗುಂಯ್, ಮತ್ತೆ ಸುತ್ತು.

ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದ ನಿವೃತ್ತ ಎಂಜಿನಿಯರು ಎದ್ದು ಬಂದರು. ಕಣ್ಣೆದುರು ಯಾರೇ ಏನೇ ಕೆಲಸ ಮಾಡುತ್ತಿರಲಿ, ಸಲಹೆ ಕೊಡದೆ ಅವರಿಗೆ ಪೇಪರ್ ಓದಲಾಗುತ್ತಿರಲಿಲ್ಲ.

"ಹಾಗೆ ಒತ್ತಬಾರ್ದಪ್ಪ. ಲೋಡ್ ಜಾಸ್ತಿ ಆದ್ರೆ ಬ್ಯಾಟರಿ ಬೇಗ ಇಳಿಯುತ್ತೆ."

"ಒತ್ತದೆ ಇದ್ರೆ ಹುಲ್ಲು ತಾನಾಗೇ ಮಲಗುತ್ತಾ ಸಾರ್?"

"ಒಣಗಿದ ಮೇಲೆ ಕತ್ತರಿಸ್ಬೇಕು."

"ಒಣಗೋ ಹೊತ್ತಿಗೆ ಗುತ್ತಿಗೆನೂ ಒಣಗಿರುತ್ತೆ."

ತೋಟದ ಅರ್ಧಕ್ಕೆ ಬರುವಷ್ಟರಲ್ಲಿ ಮಷೀನು ಗುಂಯ್‌ಯಿಂದ ಗುಂ‌ಗೆ ಇಳಿದು, ಆಮೇಲೆ ಏನೂ ಅನ್ನದೆ ನಿಂತುಬಿಟ್ಟಿತು. ಮೇಸ್ತ್ರಿ ಒದೆಯಲು ಕಾಲೆತ್ತಿದ. ಅದರ ಬೆಲೆ ನೆನಪಾಗಿ ಪಕ್ಕದ ಹೂಕುಂಡಕ್ಕೆ ಒದ್ದ. ಕುಂಡ ಗಟ್ಟಿಯಾಗಿತ್ತು. ಅಲ್ಲಿಂದ ಮುಂದಕ್ಕೆ ಕುಂಟಿದ.

ಬ್ಯಾಟರಿ ಕಳಚಿ, ಚಾರ್ಜರ್ ಬಗಲಲ್ಲಿಟ್ಟುಕೊಂಡು ಕೆಳಮಹಡಿಯ ಮೂಲೆಮನೆಯ ಗಂಟೆ ಒತ್ತಿದ. ಪೆಟ್ರೋಲ್ ಮಷೀನಿನ ಸದ್ದಿಗೆ ತಲೆನೋವು ಬರುತ್ತದೆಂದು ಎಲ್ಲರಿಗಿಂತ ಮೊದಲು ದೂರಿದ್ದವರು ಆ ಮನೆಯಮ್ಮ.

"ಅಮ್ಮಾ, ಒಂದು ಪ್ಲಗ್ ಕೊಡಿ. ಸ್ವಲ್ಪ ಹೊತ್ತು ಚಾರ್ಜ್ ಹಾಕ್ಕೋತೀನಿ."

"ನಮ್ಮನೇಲಾ? ನಮ್ಮ ಮೀಟರ್ ಮೊದಲೇ ಓಡುತ್ತೆ. ಎದುರು ಮನೆಯವರನ್ನ ಕೇಳು, ಅವರದ್ದು ನಿಧಾನ."

ಎದುರು ಮನೆಯವರು ಮೇಲಿನವರನ್ನು ತೋರಿಸಿದರು. ಮೇಲಿನವರು ಅದರ ಮೇಲಿನವರನ್ನು ತೋರಿಸಿದರು. ಇಡೀ ಕಟ್ಟಡಕ್ಕೆ ಸದ್ದು ಬೇಡ, ಹೊಗೆ ಬೇಡ, ಗಾಳಿ ಶುದ್ಧವಾಗಿರಬೇಕು. ಆದರೆ ಅದಕ್ಕೆ ಬೇಕಾದ ಕರೆಂಟು ಮಾತ್ರ ಪಕ್ಕದ ಮನೆಯಿಂದ ಬರಬೇಕು. ನಾಲ್ಕನೇ ಮಹಡಿಯಲ್ಲಿ ಅಧ್ಯಕ್ಷರೇ ಬಾಗಿಲು ತೆರೆದರು.

"ಅಯ್ಯೋ, ಒಬ್ಬರಿಗೆ ಕೊಟ್ರೆ ಅದೇ ಪದ್ಧತಿ ಆಗ್ಬಿಡುತ್ತಪ್ಪ. ನಾಳೆ ಹಾಲಿನವನು ಬರ್ತಾನೆ, ನಾಡಿದ್ದು ಪೇಪರಿನವನು. ಪಾರ್ಕಿಂಗಲ್ಲಿ ಸಂಘದ ಪ್ಲಗ್ ಇದೆ ನೋಡು."

"ಮೊದಲೇ ಹೇಳಬಾರ್ದಿತ್ತಾ ಸಾರ್? ನಾಲ್ಕು ಮಹಡಿ ಹತ್ತಿ ಬಂದೆ."

"ಲಿಫ್ಟ್ ಇದೆಯಲ್ಲ."

"ಕೆಲಸದವರು ಹತ್ತಬಾರ್ದು ಅಂತ ಅಲ್ಲೂ ನಿಮ್ಮದೇ ನೋಟೀಸಿದೆ."

ಪಾರ್ಕಿಂಗ್ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ ಕಣ್ಣು ಹೊಡೆಯಿತು. ಎಂಜಿನಿಯರು ಹಿಂದೆಯೇ ಬಂದಿದ್ದರು.

"ಬಿಸಿ ಆಗಿದೆ. ತಣ್ಣಗಾಗೋವರೆಗೆ ಅದು ಚಾರ್ಜ್ ತಗೊಳಲ್ಲ."

"ನಾನೂ ಬಿಸಿ ಆಗಿದೀನಿ ಸಾರ್. ನನಗೇನು ಯಾರೂ ರಜೆ ಕೊಡ್ತಿಲ್ಲವಲ್ಲ."

ಕೊನೆಗೆ ಹಸಿರು ದೀಪ ಮಿನುಗತೊಡಗಿತು. ಮೇಸ್ತ್ರಿ ಬುತ್ತಿ ಬಿಚ್ಚಿ ಕಂಬಕ್ಕೊರಗಿ ಉಂಡ. ದಣಿವಿಗೆ ಕಣ್ಣು ಎಳೆಯಿತು. ಎಚ್ಚರವಾಗಿ ನೋಡಿದರೆ ಅವನ ಚಾರ್ಜರ್ ನೆಲದ ಮೇಲೆ ಸತ್ತ ಇಲಿಯಂತೆ ಬಿದ್ದಿತ್ತು. ಪ್ಲಗ್ಗಿನಿಂದ ದಪ್ಪ ವೈರೊಂದು ಹೊರಟು ಒಂದು ಬಿಳಿ ಕಾರಿನ ಹೊಟ್ಟೆಗೆ ಸೇರಿತ್ತು. ಕಾರಿನ ಯಜಮಾನರು, ಎರಡನೇ ಮಹಡಿಯವರು, ಅದರ ಕನ್ನಡಿ ಒರೆಸುತ್ತ ನಿಂತಿದ್ದರು.

"ಯಾಕ್ ಸಾರ್ ತೆಗೆದ್ರಿ?"

"ನನಗೆ ಸಂಜೆ ಹೊರಗೆ ಹೋಗೋದಿದೆ. ಪ್ಲಗ್ ಇಲ್ಲಿ ಒಂದೇ ಇರೋದು."

"ನನಗೂ ಸಂಜೆ ಕೆಲಸ ಮುಗಿಸೋದಿದೆ."

"ನಂದು ಕಾರು ಕಣಯ್ಯ. ನಿಂದು ಹುಲ್ಲು. ಹುಲ್ಲು ಎಲ್ಲಿಗೂ ಹೋಗಲ್ಲ. ನಾನು ತಿಂಗಳಿಗೆ ಸಂಘಕ್ಕೆ ದುಡ್ಡು ಕಟ್ತೀನಿ, ನೀನು ಕಟ್ತೀಯಾ?"

ಮೇಸ್ತ್ರಿಯ ಬಾಯಿಗೆ ಬಂದ ಮಾತನ್ನು ಬರೆಯುವಂತಿಲ್ಲ. ಅವನು ಅದನ್ನು ಆಡಲೂ ಇಲ್ಲ, ಗುತ್ತಿಗೆ ನೆನಪಾಗಿ ಉಗುಳಿನ ಜೊತೆ ನುಂಗಿದ. ಬ್ಯಾಟರಿ ಹಾಕಿ ಗುಂಡಿ ಒತ್ತಿದ. ಮಷೀನು ನಾಲ್ಕು ಹೆಜ್ಜೆ ನಡೆದು ಅಡ್ಡಬಿತ್ತು. ಅರ್ಧ ತೋಟ ಬಾಕಿ. ಹೆಂಡತಿಗೆ ಫೋನ್ ಮಾಡಿದ.

"ಎರಡೂ ಕುಡುಗೋಲು ತಗೊಂಡು ಈಗ್ಲೇ ಬಾ."

"ಯಾರನ್ನ ಕಡಿಯೋಕೆ?"

"ಬಂದ್ಮೇಲೆ ತೀರ್ಮಾನ ಮಾಡ್ತೀನಿ."

ಅವಳು ಬಂದಳು. ಮಷೀನನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಳು.

"ಏನ್ರೀ, ನಿಮ್ಮ ಮಷೀನನ್ನ ನೆರಳಿಗಾದ್ರೂ ಸರಿಸಿ. ಪಾಪ, ದಣಿದಿರುತ್ತೆ."

"ಸುಮ್ಮನೆ ಕೊಯ್ಯೇ."

"ಸುಮ್ಮನೇ ಕೊಯ್ತಿರೋದು. ಕುಡುಗೋಲಿಗೆ ಬಾಯಿ ಇಲ್ವಲ್ಲ."

ಉಂಡ ಕಟ್ಟಡವೆಲ್ಲ ಪರದೆ ಎಳೆದುಕೊಂಡು ಮಲಗಿತ್ತು. ಎಂಜಿನಿಯರು ಕೂಡ ಒಳಗೆ ಹೋಗಿದ್ದರು. ಗಂಡಹೆಂಡಿರು ಬೈದುಕೊಂಡು, ಬೆವರು ಒರೆಸಿಕೊಂಡು, ಸೊಂಟ ಹಿಡಿದುಕೊಂಡು ಕೊಯ್ದರು. ಮೇಸ್ತ್ರಿ ಒಂದೊಂದು ಹಿಡಿ ಹುಲ್ಲಿಗೂ ಒಬ್ಬೊಬ್ಬರ ಮುಖ ಅಂಟಿಸಿ ಕೊಯ್ದ. ಹಾಗಾಗಿ ಕೆಲಸ ಬೇಗ ಸಾಗಿತು. ಸಭೆಯ ಕುರ್ಚಿಗಳು ಬರುವ ಹೊತ್ತಿಗೆ ತೋಟ ಚಾಪೆ ಹಾಸಿದಂತಿತ್ತು. ಹೆಂಡತಿ ಕುಡುಗೋಲುಗಳನ್ನು ಹುಲ್ಲಿನ ಮೂಟೆಯೊಳಗೆ ತೂರಿಸಿದಳು.

ಅಧ್ಯಕ್ಷರು ನಿದ್ದೆ ಮುಗಿಸಿ, ಮುಖ ತೊಳೆದು ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮುಖ ಅರಳಿತು.

"ಭೇಷ್. ಇದಪ್ಪ ಕೆಲಸ ಅಂದ್ರೆ. ಗುತ್ತಿಗೆ ನಿನಗೇ. ಆದರೆ ಒಂದು ಷರತ್ತು."

"ಹೇಳಿ ಸಾರ್."

"ಬೆಳಿಗ್ಗೆ ಸ್ವಲ್ಪ ಗುಂಯ್ ಅಂತಿತ್ತು. ಮೂಲೆಮನೆಯವರು ಆಗಲೇ ದೂರು ಹೇಳಿದಾರೆ. ಮಧ್ಯಾಹ್ನ ನೋಡು, ಒಂದು ಚೂರೂ ಸದ್ದಿಲ್ಲ. ಎಷ್ಟೋ ವರ್ಷ ಆಗಿತ್ತು ನಾನು ಹಾಗೆ ನಿದ್ದೆ ಮಾಡಿ. ಇನ್ನು ಮೇಲೆ ಪೂರ್ತಿ ತೋಟ ಮಧ್ಯಾಹ್ನದ ಥರಾನೇ ಆಗ್ಬೇಕು. ಮಷೀನಿನಲ್ಲಿ ಅದೇನು ಬಟನ್ ಇದೆಯೋ, ಅದನ್ನೇ ಒತ್ತು."

ಹೆಂಡತಿ ಅವನ ತೋಳು ಚಿವುಟಿದಳು, ಸುಮ್ಮನಿರಿ ಅಂತ. ಆದರೆ ಬೆಳಗಿನಿಂದ ನುಂಗಿದ್ದೆಲ್ಲ ಒಟ್ಟಿಗೇ ಮೇಲೆ ಬಂತು. ಮೇಸ್ತ್ರಿ ಮೂಟೆಗೆ ಕೈ ಹಾಕಿ ಕುಡುಗೋಲು ಎಳೆದ. ಮೊದಲ ಸಾಲಿನ ಕುರ್ಚಿಗಳು ಹಿಂದೆ ಸರಿದವು.

"ಇದೇ ಸಾರ್ ಆ ಬಟನ್ನು. ನಿಮ್ಮ ಬ್ಯಾಟರಿ ಅರ್ಧ ತೋಟಕ್ಕೇ ಸತ್ತೋಯ್ತು. ನಾಲ್ಕು ಮಹಡಿ ಹತ್ತಿ ಇಳಿದ್ರೂ ಒಬ್ಬರೂ ಪ್ಲಗ್ ಕೊಡ್ಲಿಲ್ಲ. ಸಿಕ್ಕಿದ್ದನ್ನೂ ಕಾರಿನವರು ಕಿತ್ತು ಹಾಕಿದ್ರು. ನಾನೂ ನನ್ನ ಹೆಂಡತಿನೂ ಕೂತು ಕೈಯಲ್ಲಿ ಕೊಯ್ದಿದೀವಿ. ಸದ್ದು ಬೇಡ, ಹೊಗೆ ಬೇಡ, ಕರೆಂಟೂ ಕೊಡಲ್ಲ ಅಂದ್ರೆ ಹುಲ್ಲನ್ನ ಇನ್ನೇನು ಊದಿ ಉದುರಿಸ್ಲಾ?"

ಅಧ್ಯಕ್ಷರು ಕುಡುಗೋಲನ್ನೇ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದರು. ಮೇಸ್ತ್ರಿಗೆ ಒಳಗೊಳಗೇ ತೃಪ್ತಿಯಾಯಿತು. ಕೊನೆಗೂ ಇವರಿಗೆ ನಾಚಿಕೆ ಬಂತು ಅಂದುಕೊಂಡ.

"ಅಂದ್ರೆ," ಎಂದರು ಅಧ್ಯಕ್ಷರು ನಿಧಾನವಾಗಿ, "ಮಷೀನೇ ಬೇಕಾಗಿಲ್ಲ ಅಂತಾಯ್ತು."

"ಸಾರ್?"

"ಸದ್ದಿಲ್ಲ, ಹೊಗೆ ಇಲ್ಲ, ಪ್ಲಗ್ಗಿನ ರಗಳೆನೂ ಇಲ್ಲ. ಇದಕ್ಕಿಂತ ಇನ್ನೇನು ಬೇಕು? ಕಾರ್ಯದರ್ಶಿಗಳೇ, ಗುತ್ತಿಗೇಲಿ ಬ್ಯಾಟರಿ ಯಂತ್ರ ಅನ್ನೋದನ್ನ ಹೊಡೆದು ಕುಡುಗೋಲು ಅಂತ ಬರೀರಿ. ಹಾಗೇ ಯಂತ್ರದ ದರ ತೆಗೆದು ಕೂಲಿ ದರ ಹಾಕಿ. ಒಪ್ಪಿಗೆ ತಾನೇ? ಇಲ್ಲಾಂದ್ರೆ ಹೇಳು, ಕುಡುಗೋಲು ಇರೋರು ಊರಲ್ಲಿ ಬೇಕಾದಷ್ಟು ಜನ ಇದಾರೆ."

ಮೇಸ್ತ್ರಿಯ ಬಾಯಿ ತೆರೆಯಿತು. ಅದು ಮುಚ್ಚುವ ಮೊದಲೇ ಹೆಂಡತಿ, "ಒಪ್ಪಿಗೆ ಸಾರ್," ಎಂದು ಅವನ ಕೈಯ ಕುಡುಗೋಲು ಕಿತ್ತುಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಜೋರಾಗಿ ತಟ್ಟಿದವರು ಕಾರಿನವರು.

ಕತ್ತಲಾಗುತ್ತಿತ್ತು. ಹೆಂಡತಿ ಮೂಟೆ ಹೊತ್ತು ಮುಂದೆ ನಡೆದಳು, ಮೇಸ್ತ್ರಿ ಮಷೀನು ತಳ್ಳುತ್ತ ಗೇಟಿನ ತನಕ ಬಂದ. ಹಿಂದಿನಿಂದ ಎಂಜಿನಿಯರು ಏದುಸಿರು ಬಿಡುತ್ತ ಓಡಿಬಂದರು.

"ಇನ್ನು ಆ ಮಷೀನಿಗೆ ಕೆಲಸ ಇಲ್ಲ ಅಂತ ಮೂಲೆಗೆ ಹಾಕ್ಬಿಟ್ಟೀಯಪ್ಪ. ಉಪಯೋಗಿಸದೆ ಇದ್ರೂ ಅದಕ್ಕೆ ಆಗಾಗ ಚಾರ್ಜ್ ಕೊಡ್ತಾನೇ ಇರ್ಬೇಕು. ಇಲ್ದಿದ್ರೆ ಬ್ಯಾಟರಿ ಸತ್ತೋಗುತ್ತೆ. ಹೊಸದರ ಬೆಲೆ ಗೊತ್ತಲ್ಲ?"