ನಮ್ಮವರ ಮೊಬೈಲಿಗೆ ಬರುವ ಕಳ್ಳರು

ನಮ್ಮವರು ತೀರಿಕೊಂಡು ಹತ್ತು ತಿಂಗಳಾಯಿತು. ಸುದ್ದಿ ಊರಿಗೆಲ್ಲ ಮುಟ್ಟಿದೆ, ಆನ್‌ಲೈನ್ ಕಳ್ಳರಿಗೆ ಮಾತ್ರ ಮುಟ್ಟಿಲ್ಲ. ದಿನಕ್ಕೊಬ್ಬರಾದರೂ ಅವರ ಮೊಬೈಲಿಗೆ ಬರುತ್ತಾರೆ. ಅದನ್ನು ನಾನು ಬಂದ್ ಮಾಡಿಲ್ಲ. ಹಾಲು, ಬೀಗ, ಗ್ಯಾಸ್ ಎಂದು ನಮ್ಮವರು ನನಗೆ ಹೇಳಿ ಕಳಿಸಿದ ನಲವತ್ತೊಂದು ವಾಯ್ಸ್ ಮೆಸೇಜ್ ಅದರಲ್ಲಿವೆ. ನನ್ನ ಹಳೆಯ ಫೋನ್ ಕೆಟ್ಟಿದ್ದರಿಂದ ಬೇರೆಲ್ಲೂ ಉಳಿದಿಲ್ಲ.

೧. ಸೆಕ್ರೆಟರಿಯ ಭಾಷಣ

ಬೊರಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಬ್ಯಾಂಕಿನಿಂದ ನಿವೃತ್ತರಾದವರು. "ಟೀಚರ್, ಆ ಫೋನ್ ಫಾರ್ಮ್ಯಾಟ್ ಮಾಡಿಸಿ. ಡೇಂಜರ್!" ಎಂದು ಕಂಡಾಗಲೆಲ್ಲ ಹೇಳುತ್ತಿದ್ದರು.

ಒಂದು ಭಾನುವಾರ ನಮಗೆಲ್ಲ ಬುದ್ಧಿ ಹೇಳಲು ಮೈಕ್ ಹಿಡಿದರು. "ಪ್ರಾಣ ಹೋದರೂ ಓಟಿಪಿ ಹೇಳಬೇಡಿ" ಎನ್ನುವಷ್ಟರಲ್ಲಿ ಅವರಿಗೇ ಒಂದು ಫೋನ್ ಬಂತು. ಗ್ಯಾಸಿನ ಕೆವೈಸಿಯಂತೆ. ಮೈಕ್ ಬಾಯಿಯ ಹತ್ತಿರವೇ ಇತ್ತು. ಐದು ಅಂಕಿಗಳನ್ನು ಇಡೀ ಸೊಸೈಟಿ ಸ್ಪಷ್ಟವಾಗಿ ಕೇಳಿತು. ಆರನೆಯದಕ್ಕೆ ಅವರ ಹೆಂಡತಿ ಓಡಿಬಂದು ಫೋನ್ ಕಸಿದುಕೊಂಡರು.

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು, "ಇದು ಉದಾಹರಣೆ" ಎಂದರು.

೨. ಸಂತಾಪ

"ಹಾಯ್ ಡಿಯರ್, ಒಬ್ಬರೇ ಇದ್ದೀರಾ?" ಸುಂದರಿಯ ಫೋಟೋ ಜೊತೆ ನಮ್ಮವರ ಮೊಬೈಲಿಗೆ ಇಂಗ್ಲಿಷಿನಲ್ಲಿ ಸಂದೇಶ ಬಂತು.

"ಅವರಿಗೆ ಮದುವೆಯಾಗಿದೆ" ಎಂದು ಬರೆದೆ.

"ಪರವಾಗಿಲ್ಲ."

"ತೀರಿಕೊಂಡಿದ್ದಾರೆ. ನಾನು ಹೆಂಡತಿ."

ಎರಡು ನಿಮಿಷ ಏನೂ ಇಲ್ಲ. ಮೌನಾಚರಣೆ ಇರಬೇಕು. ಆಮೇಲೆ ಅಳುವ ಮುಖ, ಮುಗಿದ ಕೈ, ಕೆಳಗೊಂದು ಲಿಂಕ್: "ತುಂಬಾ ಬೇಜಾರಾಯಿತು. ಆಂಟಿ, ಶೇರಿನಲ್ಲಿ ದುಡ್ಡು ಹಾಕ್ತೀರಾ?"

೩. ಡಿಜಿಟಲ್ ಅರೆಸ್ಟ್

ಮೊನ್ನೆ ನನ್ನ ಫೋನಿಗೇ ವಿಡಿಯೋ ಕರೆ. ಪೊಲೀಸ್ ಸಮವಸ್ತ್ರದ ಗಂಡಸು ಹಿಂದಿಯಲ್ಲಿ ಗದರಿದ: "ನಿಮ್ಮ ಗಂಡ ಡ್ರಗ್ಸ್ ಪಾರ್ಸೆಲ್ ಸಮೇತ ಸಿಕ್ಕಿದ್ದಾರೆ."

"ಯಾವಾಗ?"

"ಇವತ್ತು ಬೆಳಿಗ್ಗೆ. ಅವರ ಮೊಬೈಲ್ ಮನೆಯಲ್ಲಿದೆಯಾ? ನಾವು ಹೇಳುವ ಆ್ಯಪ್ ಅದಕ್ಕೆ ಹಾಕಿ. ಇಲ್ಲದಿದ್ದರೆ ಜೈಲು!"

ಆ್ಯಪ್ ಹಾಕಿದರೆ ನಲವತ್ತೊಂದು ಮೆಸೇಜೂ ಹೋದಂತೆ. ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು, "ಮೊದಲು ಅವರನ್ನು ಮಾತಾಡಿಸಿ" ಎಂದೆ.

ಮಾತಾಡಿಸಿಯೇಬಿಟ್ಟ! "ಸುಮತಿ, ನನ್ನನ್ನು ಕ್ಷಮಿಸು. ತಪ್ಪು ನನ್ನದೇ."

ಅವರದೇ ಸ್ವರ! ಮಾಟುಂಗದ ಕನ್ನಡ ಸಂಘದಲ್ಲಿ ಅವರು ಮಾಡಿದ ಭಾಷಣದ ವಿಡಿಯೋ ಇಂಟರ್ನೆಟ್ಟಿನಲ್ಲಿದೆ. ಅದನ್ನು ಕೇಳಿಸಿದರೆ ಕಂಪ್ಯೂಟರ್ ಅದೇ ಸ್ವರದಲ್ಲಿ ಏನು ಬೇಕಾದರೂ ಹೇಳುತ್ತದಂತೆ. ಆದರೆ ನಮ್ಮ ಕಡೆಯ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಮೂವತ್ತೊಂದು ವರ್ಷ ನಾನು ಇವರಿಗೆ "ಹೇ, ಕೇಳ್ತಾ?"

"ಸಾಹೇಬ್ರೇ, ಇವರು ನಮ್ಮವರಲ್ಲ."

"ಸ್ವರ ಗೊತ್ತಾಗಲಿಲ್ವಾ?"

"ಸ್ವರ ಅವರದೇ. ಆ ಸ್ವಭಾವ ಅವರದಲ್ಲ."

"ಮತ್ತೆ ಕೇಳಿ!" ಎಂದು ಅವಸರದಲ್ಲಿ ಇನ್ನೊಮ್ಮೆ ಹಾಕಿದ. "ತಪ್ಪು ನನ್ನದೇ." ಕೇಳಲು ಏನು ಸುಖ! ನನಗೆ ಹುರುಪು ಬಂತು.

"ಇನ್ನೊಂದು ಸಲ ಹೇಳಿಸಿ. ಹಾಗೇ, ಅಮ್ಮನ ಸಾರಿಗಿಂತ ನನ್ನ ಸಾರು ರುಚಿ ಅಂತ ಹೇಳಿಸಿ. ನನ್ನ ಅಣ್ಣನ ಮದುವೆಯಲ್ಲಿ ಮುಖ ಊದಿಸಿಕೊಂಡು ಕೂತದ್ದು ತಪ್ಪು ಅಂತಲೂ. ಬರ್ಕೊಳ್ಳಿ, ಮೂರನೆಯದು..."

ಹನ್ನೊಂದನೆಯದಕ್ಕೆ ಬರುವಾಗ ಆತ ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಮೇಡಂ, ಅವರು ಜೈಲಿನಲ್ಲೇ ಇರ್ತಾರಂತೆ" ಎಂದು ಫೋನ್ ಇಟ್ಟುಬಿಟ್ಟ.