ಷಡ್ಡಕನ ಮೀನು, ನನ್ನ ಪಾಲಕ್

ಹೊಟ್ಟೆಕಿಚ್ಚು ದೂರದವರ ಮೇಲೆ ಬರುವುದಿಲ್ಲ. ಯಾವನೋ ದೊಡ್ಡ ಸಾಹುಕಾರ ಹೊಸ ವಿಮಾನ ಕೊಂಡನೆಂದು ಪೇಪರಿನಲ್ಲಿ ಓದಿದರೆ ನಾನು ಪುಟ ತಿರುಗಿಸಿ ಕಾಫಿ ಕುಡಿಯುತ್ತೇನೆ. ಎದುರುಮನೆಯವರು ಹೊಸ ಗೇಟು ಹಾಕಿಸಿದ ದಿನ ಮಾತ್ರ ಕಾಫಿ ಸ್ವಲ್ಪ ಕಹಿ ಎನ್ನಿಸುತ್ತದೆ. ಅಂದರೆ ಈ ಕಿಚ್ಚು ಹತ್ತಿಕೊಳ್ಳಲು ಹತ್ತಿರದವರೇ ಬೇಕು. ಹತ್ತಿರದವರಲ್ಲೂ ಅಣ್ಣತಮ್ಮಂದಿರಾದರೆ ನಮ್ಮ ರಕ್ತವೇ ತಾನೇ ಎಂದು ಸಮಾಧಾನ ಮಾಡಿಕೊಳ್ಳಬಹುದು, ಸ್ನೇಹಿತರಾದರೆ ಜಗಳವಾಡಿ ಮಾತು ಬಿಡಬಹುದು. ಎರಡಕ್ಕೂ ದಾರಿಯಿಲ್ಲದ ಸಂಬಂಧವೆಂದರೆ ಷಡ್ಡಕ. ಒಂದೇ ಮನೆಯ ಹೆಣ್ಣುಮಕ್ಕಳನ್ನು ಮದುವೆಯಾದ ತಪ್ಪಿಗೆ ಹಬ್ಬಹಬ್ಬಕ್ಕೂ ಅಕ್ಕಪಕ್ಕದ ಎಲೆಯಲ್ಲಿ ಕೂತು, ಯಾರ ಹೋಳಿಗೆಗೆ ಎಷ್ಟು ತುಪ್ಪ ಬಿತ್ತು ಎಂದು ಓರೆಗಣ್ಣಿನಲ್ಲಿ ನೋಡುತ್ತಾ ಇಬ್ಬರೂ ಮುದುಕರಾಗಬೇಕು.

ನನ್ನ ಷಡ್ಡಕ ಶಿವು ತರೀಕೆರೆಯಲ್ಲಿ ಹಲ್ಲಿನ ಡಾಕ್ಟರು, ನನ್ನ ಹೆಂಡತಿ ಗಿರಿಜೆಯ ತಂಗಿ ಉಮಾಳ ಗಂಡ. ನಾನು ಕಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಹಿರಿಯ ಅಳಿಯ ಎಂಬ ಪದವಿಯೊಂದನ್ನು ಬಿಟ್ಟರೆ ಅವನಿಗಿಂತ ಹೆಚ್ಚಿನದು ನನ್ನ ಹತ್ತಿರ ಏನೂ ಇಲ್ಲ. ಹೋಗಲಿ, ಅವನನ್ನು ಮನಸಾರೆ ಬೈದುಕೊಳ್ಳೋಣವೆಂದರೆ ಆ ಪುಣ್ಯಾತ್ಮ ಅದಕ್ಕೂ ಒಂದು ಎಡೆ ಕೊಡುವುದಿಲ್ಲ. ಕಂಡಕೂಡಲೇ ‘ಭಾವ’ ಎಂದು ಎದ್ದು ನಿಲ್ಲುತ್ತಾನೆ. ಅಜ್ಜಂಪುರದಲ್ಲಿರುವ ನಮ್ಮ ಅತ್ತೆಗೆ ಹಲ್ಲಿನ ಸೆಟ್ಟು ಕಟ್ಟಿಕೊಟ್ಟವನೂ ಅವನೇ. ಹೀಗಾಗಿ ಆ ಮನೆಯಲ್ಲಿ ನಾನು ಏನೇ ತಂದುಕೊಟ್ಟರೂ ಅತ್ತೆ ಅದನ್ನು ಅಗಿಯುವುದು ಅವನ ಹಲ್ಲಿನಲ್ಲಿ.

ಈ ಅತ್ತೆಗೆ ಒಂದು ಅಭ್ಯಾಸವಿದೆ. ಬಡಿಸುವಾಗ ಅವರು ಪದಾರ್ಥದ ಹೆಸರು ಹೇಳುವುದಿಲ್ಲ, ಅದು ಎಲ್ಲಿಂದ ಬಂತೆಂದು ಹೇಳುತ್ತಾರೆ. ‘ಇದು ಯಗಟಿ ಅಣ್ಣನ ತೆಂಗಿನಕಾಯಿ ಚಟ್ನಿ, ಇದು ಸಿಂಗಟಗೆರೆ ಸಂತೆ ಬದ್ನೇಕಾಯಿ’ ಎಂದು ಪಂಕ್ತಿಯ ಈ ಕೊನೆಯಿಂದ ಆ ಕೊನೆಯವರೆಗೂ ಸಾರುತ್ತಾ ಹೋಗುತ್ತಾರೆ. ತಂದುಕೊಟ್ಟವರು ಆಗ ತಲೆ ತಗ್ಗಿಸಿ, ಕೇಳಿಸಲೇ ಇಲ್ಲವೆಂಬಂತೆ ಅನ್ನ ಕಲಸಬೇಕು. ಹಾಗೆ ತಲೆ ತಗ್ಗಿಸುವ ಭಾಗ್ಯ ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಾನು ಒಯ್ಯುವುದು ಬೇಕರಿಯ ಖಾರ ಬೂಂದಿ. ಅದನ್ನು ಎಲೆಗೆ ಬಡಿಸುವುದಿಲ್ಲ.

ಯುಗಾದಿಯ ದಿನ ಅತ್ತೆ ಪಲ್ಯದ ಪಾತ್ರೆ ಹಿಡಿದು ಬಂದು, “ಇದು ನಮ್ಮ ಶಿವು ಮೀನಿನ ನೀರಲ್ಲಿ ಬೆಳೆದಿರೋ ಪಾಲಕ್ಕು ಕಣ್ರಪ್ಪಾ, ಮಣ್ಣೇ ಮುಟ್ಟಿಲ್ಲ” ಅಂದರು. ಪಂಕ್ತಿಗೆ ಪಂಕ್ತಿಯೇ ಕೈ ತಡೆಯಿತು. ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ. ಸೋದರಮಾವನೊಬ್ಬರು ಮೆಲ್ಲಗೆ, “ಮೀನಿನ ನೀರೇ?” ಅಂದರು. ಶಿವು ತಲೆ ತಗ್ಗಿಸಿಕೊಂಡೇ ವಿವರಿಸಿದ. ಅವನ ಹಿತ್ತಲಲ್ಲಿ ನೆಟ್ಟು ಹೊದಿಸಿದ ಹಸಿರುಮನೆಯಿದೆ, ಅದರೊಳಗಿನ ತೊಟ್ಟಿಯಲ್ಲಿ ಮೀನು ಇರುತ್ತವೆ. ಅವುಗಳ ಹೊಲಸಿನ ನೀರನ್ನು ಮೋಟಾರು ಮೇಲೆತ್ತಿ ಜಲ್ಲಿಕಲ್ಲಿನ ಪಾತಿಗೆ ಬಿಡುತ್ತದೆ. ಜಲ್ಲಿಯಲ್ಲಿ ಬೇರು ಬಿಟ್ಟ ಗಿಡ ಅದರಲ್ಲಿರುವ ಸಾರ ಹೀರಿಕೊಂಡು ನೀರನ್ನು ತಿಳಿ ಮಾಡಿ ಮತ್ತೆ ಮೀನಿಗೇ ಕಳಿಸುತ್ತದೆ. “ಸಗಣಿ ಗೊಬ್ರ ಹಾಕಿದ್ ಸೊಪ್ಪು ತಿನ್ನಲ್ವಾ ಮಾವ, ಇದೂ ಹಂಗೇ” ಅಂದ. ಮಾವ ತಿಂದರು, ಎರಡನೆಯ ಸಲ ಹಾಕಿಸಿಕೊಂಡರು. ಆಮೇಲೆ ಊಟ ಮುಗಿಯುವವರೆಗೂ ಮಾತೆಲ್ಲ ಆ ಸೊಪ್ಪಿನದೇ. ನನ್ನ ಗಂಟಲಲ್ಲಿ ಪಾಲಕ್ ದಂಟು ಸಿಕ್ಕಿಕೊಂಡಿತ್ತು. ಅಷ್ಟು ಮೆತ್ತಗಿನ ದಂಟು ಯಾರ ಗಂಟಲಲ್ಲೂ ಸಿಕ್ಕಿಕೊಳ್ಳುವಂಥದ್ದಲ್ಲ.

ಕಡೂರಿಗೆ ಮರಳುವಾಗ ರೈಲಿನಲ್ಲೇ ಹೆಂಡತಿಗೆ ಹೇಳಿಬಿಟ್ಟೆ, ಗೌರಿ ಹಬ್ಬಕ್ಕೆ ಆ ಪಂಕ್ತಿಯಲ್ಲಿ ನಮ್ಮ ಸೊಪ್ಪು ಬೀಳಬೇಕು, ಹಿತ್ತಲಲ್ಲಿ ಒಂದು ಹಸಿರುಮನೆ ಕಟ್ಟುತ್ತೇನೆ ಎಂದು. ಅವಳು ಕಿಟಕಿಯಾಚೆ ನೋಡುತ್ತಲೇ, “ತುಳಸಿ ಕಟ್ಟೆಗೆ ಯಾವತ್ತಾದ್ರೂ ಒಂದು ಚೊಂಬು ನೀರು ಹಾಕಿದ್ದೀರೇನ್ರೀ?” ಅಂದಳು. ನಾನು ಟಿಕೆಟ್ಟಿನ ಹಿಂಬದಿಯಲ್ಲಿ ಹಸಿರುಮನೆಯ ನಕ್ಷೆ ಗೀಚತೊಡಗಿದೆ.

ಹಸಿರುಮನೆ ಎಷ್ಟು ದೊಡ್ಡದಿರಬೇಕು ಎಂಬುದರಲ್ಲಿ ನನಗೆ ಗೊಂದಲವಿರಲಿಲ್ಲ. ಶಿವುವಿನದಕ್ಕಿಂತ ಸ್ವಲ್ಪ ದೊಡ್ಡದಿರಬೇಕು. ಆದರೆ ಅವನದು ಎಷ್ಟಿದೆ ಎಂದು ಬಾಯಿಬಿಟ್ಟು ಕೇಳುವುದು ಹೇಗೆ? ದಾರಿ ಹುಡುಕುವುದರಲ್ಲೇ ಆಷಾಢ ಬಂತು, ಕೊನೆಗೆ ಹಲ್ಲುನೋವಿನ ನೆಪ ಹೂಡಿ ತರೀಕೆರೆಗೆ ಹೋದೆ. ಅವನು ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ದೀಪ ಬಿಟ್ಟು, “ಭಾವ, ಸರಿಯಾದ್ ಟೈಮಿಗೆ ಬಂದ್ರಿ, ಹುಳುಕು ಇದೆ” ಎಂದು ಕೊರೆದೇಬಿಟ್ಟ. ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು, ಅರ್ಧ ಮುಖ ಜೋಮು ಹಿಡಿದು, ಅವನ ಹಿತ್ತಲಿಗೆ ಹೋಗಿ ಯಾರೂ ಇಲ್ಲದಾಗ ಗೇಣು ಹಾಕತೊಡಗಿದೆ. ಹಿಂದಿನಿಂದ ಅವನು ಟೇಪು ಹಿಡಿದು ಬಂದು, “ಗೇಣಲ್ಲಿ ಸರಿ ಹೋಗಲ್ಲ ಭಾವ, ಇದ್ರಲ್ಲಿ ಅಳೀರಿ” ಎಂದು ಆ ತುದಿ ತಾನೇ ಹಿಡಿದುಕೊಂಡ. ಪೈಪು ಎಲ್ಲಿ ಸಿಗುತ್ತದೆ, ಹಸಿರು ನೆಟ್ಟು ಯಾವುದು ಬಾಳಿಕೆ ಬರುತ್ತದೆ, ಎಲ್ಲ ಹೇಳಿದ. ಹೊರಡುವಾಗ, “ಒಂದೇ ಮಾತು ಭಾವ. ನೀರು ಪಳಗೋಕೆ ಒಂದು ತಿಂಗ್ಳಾದ್ರೂ ಬಿಡ್ರಿ. ಮೀನಿಗೆ ಅರ್ಜೆಂಟ್ ಮಾಡ್ಬೇಡಿ” ಅಂದ. ನನಗೆ ಅರ್ಥವಾಯಿತು. ಗೌರಿ ಹಬ್ಬ ಕಳೆಯಲೆಂದು ತಡ ಮಾಡಿಸುತ್ತಿದ್ದಾನೆ. ಹೊಟ್ಟೆಕಿಚ್ಚಿನವನಿಗೆ ಬುದ್ಧಿಮಾತೆಲ್ಲ ಪಿತೂರಿಯಂತೆಯೇ ಕೇಳಿಸುತ್ತದೆ.

ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿ ಕಿತ್ತು ಹಸಿರುಮನೆ ನಿಲ್ಲಿಸಿದೆವು. ಅವನದಕ್ಕಿಂತ ಒಂದು ಮೊಳ ಉದ್ದ. ತೊಟ್ಟಿ ತುಂಬಿದ ವಾರವೇ ಲಕ್ಕವಳ್ಳಿ ಕಡೆಯಿಂದ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಗೆಂಡೆ ಮೀನಿನ ಮರಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಮೂಗಿಗೆ ಹಿಡಿದು, “ಲೇ ಮಂಜ, ಏನ್ಲಾ ಇದು ಅನಾಚಾರ” ಅಂದರು. ತಿನ್ನುವುದಕ್ಕಲ್ಲ, ಸುಮ್ಮನೆ ಸಾಕುವುದಕ್ಕೆ ಎಂದು ಆಣೆ ಹಾಕಿದೆ. ಅಮ್ಮ ಚೀಲದೊಳಗೆ ಇಣುಕಿದರು. ಮರಿಗಳು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. “ಶೃಂಗೇರಿ ಹೊಳೇಲಿರೋ ಮೀನಂಗೇ ಅವಲ್ಲೋ” ಎಂದರು, ಮೂಗಿನ ಸೆರಗು ತೆಗೆದು.

ಅಲ್ಲಿಗೆ ಮುಗಿಯಿತು. ಶೃಂಗೇರಿಯ ಮೀನಂಥವು ಎಂದ ಮೇಲೆ ಅವು ದೇವರ ಮೀನು, ದೇವರ ಮೀನಿಗೆ ನಮ್ಮ ಜನ ಹಾಕುವುದು ಪುರಿ. ಅಂಗಡಿಯಿಂದ ತಂದ ಮೀನಿನ ಆಹಾರದ ಮೂಟೆಯನ್ನು, ಒಣಮೀನಿನ ವಾಸನೆ ಬಂತೆಂದು, ಅಮ್ಮ ಗೇಟಿನಾಚೆಗೇ ಇಡಿಸಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ ಅಮ್ಮ ಒಂದು ಸೇರು ಪುರಿ ಎರಚುವರು. ಸುದ್ದಿ ಹಬ್ಬಿ ಬೀದಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಪುರಿಯ ಪೊಟ್ಟಣ ಹಿಡಿದು ಬರತೊಡಗಿದರು. ಮೀನಿಗೆ ಪುರಿ ಹಾಕಿ, ಕೈಮುಗಿದು, ತೊಟ್ಟಿಯ ನೀರನ್ನು ತಲೆಗೆ ಚಿಮುಕಿಸಿಕೊಂಡು ಹೋಗುವರು. ಒಬ್ಬಾಕೆ ಮಗಳಿಗೆ ಗಂಡು ಗೊತ್ತಾಗಲೆಂದು ಹರಕೆ ಹೊತ್ತರು. ಮೇಷ್ಟರಾದ ನಾನು ಇದನ್ನೆಲ್ಲ ತಡೆಯಬೇಕಿತ್ತು. ತಡೆಯಲಿಲ್ಲ. ಶಿವುವಿನ ಹಸಿರುಮನೆಗೆ ಇಷ್ಟು ಜನ ಬರುವುದಿಲ್ಲ ಎಂಬುದೇ ನನಗೆ ಹೋಳಿಗೆ ತಿಂದಷ್ಟು ಹಿತವಾಗಿತ್ತು.

ಸೋಮವಾರ ಅಮ್ಮನಿಗೆ ಒಪ್ಪತ್ತು. ತಾವು ಒಂದು ಹೊತ್ತು ಉಪವಾಸವಿರುವಾಗ ಮೀನು ಮೂರು ಹೊತ್ತು ತಿನ್ನುವುದು ಸರಿಯಲ್ಲವೆಂದು ಅವಕ್ಕೂ ಒಪ್ಪತ್ತು ಮಾಡಿಸುತ್ತಿದ್ದರು. ಉಳಿದ ದಿನವೆಲ್ಲ ಸಂತರ್ಪಣೆ.

ಸ್ವಲ್ಪ ದಿನಕ್ಕೆ ನೀರು ಗಂಜಿಯಾಯಿತು. ಹಸಿರುಮನೆಯ ಬಾಗಿಲು ತೆಗೆದರೆ ಹಳಸಿದ ವಾಸನೆ. ಪಾಲಕ್ ಸಸಿ ಕಾಮಾಲೆಯಾದಂತೆ ಹಳದಿ ತಿರುಗಿತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. “ನಮ್ಮನ್ ನೋಡೋಕೆ ಬತ್ತವೆ ಕಣೋ, ಎಷ್ಟು ಪ್ರೀತಿ” ಎಂದು ಅಮ್ಮ ಇನ್ನೊಂದು ಬೊಗಸೆ ಪುರಿ ಹಾಕಿದರು. ಮಾರನೆಯ ದಿನ ಒಂದು ಮೀನು ಬಿಳಿಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅಮ್ಮ ಅದಕ್ಕೆ ವಿಭೂತಿ ಇಟ್ಟು ನುಗ್ಗೆಮರದ ಬುಡದಲ್ಲಿ ಮಣ್ಣು ಮಾಡಿಸಿ ತಲೆಗೆ ನೀರು ಹಾಕಿಕೊಂಡರು. ಗೌರಿ ಹಬ್ಬ ಹತ್ತಿರವಾಗಿತ್ತು. ಶಿವುಗೆ ಫೋನ್ ಮಾಡುವುದಕ್ಕಿಂತ ಉಳಿದ ಮೀನುಗಳ ಜೊತೆ ನಾನೂ ತೊಟ್ಟಿಗೆ ಇಳಿಯುವುದು ವಾಸಿ ಎನ್ನಿಸಿತ್ತು.

ಫೋನ್ ಮಾಡಿದವಳು ಗಿರಿಜೆ, ನನಗೆ ಹೇಳದೆ. ಮಧ್ಯಾಹ್ನದೊಳಗೆ ಶಿವು ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ಬಂದ. ಕಾರಿನ ಹಿಂದುಗಡೆ ಅವನ ತೊಟ್ಟಿಯ ಹಳೆ ನೀರು ತುಂಬಿದ ಡ್ರಮ್ಮು, ಅವನ ಪಾತಿಯಿಂದಲೇ ತೆಗೆದ ಜಲ್ಲಿಯ ಮೂಟೆ. ಪ್ಯಾಂಟು ಮಡಚಿಕೊಂಡು ಇಳಿದು ಕೊಳೆತ ಪುರಿಯನ್ನು ಬಕೆಟ್ಟಿನಲ್ಲಿ ಎತ್ತಿ ಹಾಕಿದ, ಅರ್ಧ ನೀರು ಬದಲಿಸಿದ, ತನ್ನ ಜಲ್ಲಿ ನನ್ನ ಜಲ್ಲಿಗೆ ಬೆರೆಸಿದ. “ಈ ಹಳೆ ಕಲ್ಲಲ್ಲಿ ಬ್ಯಾಕ್ಟೀರಿಯಾ ಇರ್ತವೆ ಭಾವ, ಮೀನಿನ ಹೊಲಸನ್ನ ಗಿಡಕ್ಕೆ ಬೇಕಾದಂಗೆ ಅವೇ ಮಾಡ್ಕೊಡೋದು. ನಿಮ್ಗೇನ್ ಹೇಳೋದು, ನೀವೇ ಪಾಠ ಮಾಡ್ತೀರಲ್ಲ ಸಾರಜನಕ ಚಕ್ರ” ಅಂದ. ಹೌದು, ಮಾಡುತ್ತೇನೆ. ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟೋ ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಬೋರ್ಡಿನ ಮೇಲೆ ಬ್ಯಾಕ್ಟೀರಿಯಾ ಎಂದರೆ ಒಂದು ಬಾಣದ ಗುರುತು, ಅಷ್ಟೇ. ಆಮೇಲೆ ಅವನು ಅಮ್ಮನ ಕಡೆ ತಿರುಗಿ, “ಅಮ್ಮಾ, ಇಷ್ಟು ಮೀನು ಉಳಿದಿರೋದು ನಿಮ್ಮ ಸೋಮವಾರದಿಂದ. ಈ ವಾರ ಪೂರ್ತಿ ಸೋಮವಾರನೇ ಅನ್ಕಳಿ. ಆಮೇಲೆ ಪುರಿ ಬೇಡ, ಕಡ್ಲೆಕಾಯಿ ಹಿಂಡಿಗೆ ತೌಡು ಕಲಸಿ ಒಂದ್ ಚಿಟಿಕೆ ಹಾಕಿ, ಮಡಿಗೆ ಏನೂ ತೊಂದ್ರೆ ಇಲ್ಲ” ಅಂದ. ಅಮ್ಮ ನನ್ನ ಕಡೆ ನೋಡಿ, “ಎಷ್ಟು ನಯವಾಗಿ ಹೇಳ್ತಾನೆ ನೋಡು” ಅಂದರು. ನನ್ನನ್ನು ಹೆತ್ತ ತಾಯಿಯೂ ಆ ಪಕ್ಷಕ್ಕೆ ಹೋದರು.

ಪಾಲಕ್ ಚಿಗುರಿತು. ಚಿಗುರಿದ್ದು ಎಂದರೆ ಸಾಮಾನ್ಯವಾಗಿ ಅಲ್ಲ, ಅಂಗೈಯಗಲ ಎಲೆ, ಕಡುಹಸಿರು. ಗೌರಿ ಹಬ್ಬದ ದಿನ ಒದ್ದೆ ಬಟ್ಟೆಯಲ್ಲಿ ಸುತ್ತಿ ಅಜ್ಜಂಪುರಕ್ಕೆ ಒಯ್ದೆ. ಪಂಕ್ತಿಯಲ್ಲಿ ಅತ್ತೆ ಪಾತ್ರೆ ಹಿಡಿದು ಬಂದು, “ಇದು ಕಡೂರು ಅಳಿಯಂದ್ರು ಹಸಿರುಮನೇಲಿ ಬೆಳೆದಿರೋ ಪಾಲಕ್ಕು” ಎಂದು ಸಾರಿದರು. ಇಷ್ಟು ವರ್ಷ ಕಾದಿದ್ದ ಗಳಿಗೆ. ನಾನು ತಲೆ ತಗ್ಗಿಸಿ ಅನ್ನ ಕಲಸಬೇಕಿತ್ತು. ಕಲಸಲಿಲ್ಲ. ತಲೆ ಎತ್ತಿ ಶಿವುವಿನ ಮುಖವನ್ನೇ ನೋಡಿದೆ. ಯುಗಾದಿಯ ದಿನ ನನ್ನ ಗಂಟಲಿಗೆ ಸಿಕ್ಕಿಕೊಂಡ ಆ ದಂಟು ಅವನಿಗೂ ಒಂದು ಗಳಿಗೆ ಸಿಕ್ಕಿಕೊಳ್ಳಲಿ, ಅಷ್ಟೇ ನನ್ನ ಆಸೆ. ಅವನು ಕಣ್ಣು ಮುಚ್ಚಿ ಅಗಿದು, “ಅತ್ತೆ, ಇನ್ನೊಂದ್ ಚೂರು ಹಾಕಿ. ನಮ್ದು ಯಾವತ್ತೂ ಇಷ್ಟು ಚೆನ್ನಾಗ್ ಬಂದಿಲ್ಲ. ಭಾವನ ಕೈಗುಣ” ಅಂದ. ಮತ್ತೆ ಹಾಕಿಸಿಕೊಂಡ. ಅಷ್ಟು ಇಷ್ಟಪಟ್ಟನೆಂದು ಅತ್ತೆ ಉಳಿದ ಪಲ್ಯವನ್ನೆಲ್ಲ ಡಬ್ಬಿಗೆ ತುಂಬಿ ಅವನ ಕೈಗೇ ಕೊಟ್ಟರು. ನನ್ನ ಸೊಪ್ಪು ತರೀಕೆರೆಗೆ ಹೋಯಿತು.

ಮಾರನೆಯ ದಿನ ಉಮಾ ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ಶಿವು ರಾಗಿರೊಟ್ಟಿಗೆ ಆ ಪಲ್ಯ ಹಚ್ಚಿಕೊಂಡು ನಗುತ್ತಿದ್ದಾನೆ. ‘ಭಾವನ ಪಾಲಕ್’ ಎಂದು ಕೆಳಗೆ ಬರೆದಿದ್ದಳು. ನಾನು ಹಸಿರುಮನೆಯಲ್ಲಿ ಕೂತು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ಅವನ ಮುಖವನ್ನು ಬಹಳ ಹೊತ್ತು ಹುಡುಕಿದೆ. ಕಣ್ಣು, ಹುಬ್ಬು, ತುಟಿಯ ಕೊನೆ, ಎಲ್ಲಾದರೂ ಒಂದಿಷ್ಟು ಹೊಟ್ಟೆಕಿಚ್ಚು ಸಿಕ್ಕೀತೇ ಎಂದು. ಏನೂ ಸಿಗಲಿಲ್ಲ. ಒಂದು ಮಾತ್ರ ಕಣ್ಣಿಗೆ ಬಿತ್ತು. ಅವನ ಹಲ್ಲು ನನ್ನವಕ್ಕಿಂತ ಎಷ್ಟೋ ಸಾಲಾಗಿವೆ.